ಬೆರಳಿಗೂ ಬಿಂಬಕ್ಕೂ ನಡುವೆ: ಹಾಸನ ಸೀಮೆಯ ಛಾಯಾಗ್ರಾಹಕರ ಕಾಲಜ್ಞಾನ

ಛಾಯಾಗ್ರಾಹಕನ ಬೆರಳು ಗುಂಡಿಯನ್ನೊತ್ತಿದ ಹೊತ್ತಿಗೂ ಕ್ಯಾಮೆರಾದ ಒಳಗಣ ಕದ ತೆರೆದು ಬೆಳಕು ಫಲಕವನ್ನು ಮುಟ್ಟಿದ ಹೊತ್ತಿಗೂ ನಡುವೆ ಸಣ್ಣದೊಂದು ಕಾಲಾಂತರವಿದೆ. ಯಂತ್ರ ಎಷ್ಟೇ ಉತ್ತಮವಾದುದಾಗಲಿ ಆ ಅಂತರ ಶೂನ್ಯವಾಗಲಾರದು. ಏಕೆಂದರೆ ಸನ್ನೆಗಳು ಚಲಿಸಬೇಕು, ಸ್ಪ್ರಿಂಗು ಬಿಚ್ಚಿಕೊಳ್ಳಬೇಕು, ಕೆಲವು ಯಂತ್ರಗಳಲ್ಲಿ ಕನ್ನಡಿಯೊಂದು ಮೇಲೇಳಬೇಕು, ಈಚಿನವುಗಳಲ್ಲಿ ಮಸೂರವು ತಾನಾಗಿಯೇ ದೂರವನ್ನು ಗೊತ್ತುಮಾಡಿಕೊಳ್ಳಬೇಕು. ಕಸುಬಿನವರು ಇದನ್ನು ಷಟರ್ ಲ್ಯಾಗ್ ಎನ್ನುತ್ತಾರೆ. ಆ ಹೆಸರನ್ನು ಕೇಳದ ಹಳ್ಳಿಯ ಫೋಟೋಗ್ರಾಫರನೂ ಅದನ್ನು ಬೆರಳತುದಿಯಲ್ಲಿ ಬಲ್ಲನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಈ ಕಸುಬು ನಡೆದುಬಂದ ದಾರಿಯನ್ನು ಹಿಂದಿರುಗಿ ನೋಡಿದಾಗ, ಅದು ಬಹುಮಟ್ಟಿಗೆ ಈ ಅಂತರವನ್ನು ಅರಿತು, ಅಳೆದು, ಮೈಗೂಡಿಸಿಕೊಂಡವರ ಚರಿತ್ರೆಯಾಗಿ ನನಗೆ ತೋರುತ್ತದೆ.

ಈ ಸೀಮೆಗೆ ಕ್ಯಾಮೆರಾ ಬಂದದ್ದು ತಡವಾಗಿಯೇನೂ ಅಲ್ಲ. ಛಾಯಾಗ್ರಹಣದ ವಿಧಾನ ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದಾದ ಹದಿನೈದೇ ವರ್ಷಗಳಿಗೆ, 1854ರ ಡಿಸೆಂಬರಿನಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಡಾಕ್ಟರ್ ನೀಲ್ ಎಂಬ ವೈದ್ಯಮಿತ್ರನೊಡನೆ ಹಳೇಬೀಡು ಬೇಲೂರುಗಳಿಗೆ ಬಂದು ಅಲ್ಲಿಯ ದೇವಾಲಯಗಳ ಚಿತ್ರಗಳನ್ನು ತೆಗೆದನು. ಮರುವರ್ಷ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನು ತೋರಿಸಿದ 68 ಚಿತ್ರಗಳು ತೀರ್ಪುಗಾರರ ಮೆಚ್ಚುಗೆಗೆ ಪಾತ್ರವಾದವು. 1856ರಲ್ಲಿ ಓಕ್ಲೀ ಎಂಬ ಇನ್ನೊಬ್ಬ ಅಧಿಕಾರಿ ಹೊಯ್ಸಳೇಶ್ವರನ ಗುಡಿಯೊಂದನ್ನೇ ಸುತ್ತಿ ಸುತ್ತಿ ಚಿತ್ರಿಸಿ, ಅವುಗಳಲ್ಲಿ 56ನ್ನು ಸೇರಿಸಿ 1859ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಹೊರತಂದನು. 1866ರಲ್ಲಿ ಪಿಗೌ, ನೀಲ್, ಬಿಗ್ಸ್ ಈ ಮೂವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಚಿತ್ರಸಂಪುಟ ಪ್ರಕಟವಾದಾಗ, ಅದಕ್ಕೆ ಚಾರಿತ್ರಿಕ ನಿರೂಪಣೆಯನ್ನು ಬರೆದವನು ಸುರಪುರದ ಸಂಬಂಧದಿಂದ ನಮಗೆಲ್ಲ ಪರಿಚಿತನಾದ ಮೆಡೋಸ್ ಟೇಲರ್. ವಾಸ್ತುವಿನ ವಿಚಾರವನ್ನು ಬರೆದವನು ಜೇಮ್ಸ್ ಫರ್ಗುಸನ್. ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನಿನ ಎದುರು ನಿಲ್ಲಿಸಿ ತೂಗಿದ ಫರ್ಗುಸನ್ನನ ಪ್ರಖ್ಯಾತವಾದ ಮಾತು ಬಂದದ್ದು ಇದಾದ ಹತ್ತು ವರ್ಷಗಳ ಮೇಲೆ.

ಆ ಕಾಲದ ಕ್ಯಾಮೆರಾಕ್ಕೆ ಕಲ್ಲಿಗಿಂತ ಅನುಕೂಲವಾದ ವಸ್ತು ಇನ್ನೊಂದಿರಲಿಲ್ಲ. ಟ್ರೈಪನು ಬಳಸಿದ್ದು ಬೆಳ್ಳಿಯ ಲವಣ ಲೇಪಿಸಿದ ಕಾಗದದ ನೆಗೆಟಿವ್. ಅದರ ಮೇಲೆ ಬಿಂಬ ಮೂಡಬೇಕಾದರೆ ಬೆಳಕು ನಿಮಿಷಗಟ್ಟಲೆ ಬೀಳಬೇಕು. 1851ರಲ್ಲಿ ಬಂದ ಕೊಲೋಡಿಯನ್ ಗಾಜು ಇದಕ್ಕಿಂತ ಬೇಗ. ಆದರೆ ಲೇಪ ಹಸಿಯಾಗಿರುವಾಗಲೇ, ನಮ್ಮ ಬಿಸಿಲಿನಲ್ಲಿ ಕೆಲವೇ ನಿಮಿಷಗಳೊಳಗೆ, ಲೇಪನ, ಗ್ರಹಣ, ತೊಳೆಯುವಿಕೆ ಮೂರೂ ಮುಗಿಯಬೇಕಾದುದರಿಂದ ಕತ್ತಲೆಯ ಡೇರೆಯೊಂದನ್ನು ಗುಡಿಯ ಅಂಗಳದಲ್ಲೇ ಹೂಡಿಕೊಳ್ಳಬೇಕಾಗಿತ್ತು. ಆ ಕ್ಯಾಮೆರಾಗಳಿಗೆ ಕದವೇ ಇರಲಿಲ್ಲ. ಮಸೂರದ ಬಾಯಿಗೆ ಒಂದು ಮುಚ್ಚಳ. ಅದನ್ನು ತೆಗೆದು, ಗಡಿಯಾರ ನೋಡಿಯೋ ಮನಸ್ಸಿನಲ್ಲಿ ಎಣಿಸಿಯೋ ಕಾದು, ಮತ್ತೆ ಮುಚ್ಚುವುದಷ್ಟೇ ಕ್ರಿಯೆ. ಎಂದರೆ ಛಾಯಾಗ್ರಾಹಕನ ಕೈಯೇ ಕದ. ಕೈಗೂ ಬೆಳಕಿಗೂ ನಡುವೆ ಯಾವ ಯಂತ್ರವೂ ಇಲ್ಲದ್ದರಿಂದ ವಿಳಂಬವೂ ಇಲ್ಲ. ವಿಳಂಬವಿಲ್ಲದ ಆ ಯುಗದಲ್ಲಿ ಹಿಡಿಯಲು ಕ್ಷಣವೂ ಇರಲಿಲ್ಲವೆಂಬುದೇ ಇದರ ವೈಚಿತ್ರ್ಯ. ಮುಚ್ಚಳ ತೆಗೆದಿದ್ದಾಗ ಅಂಗಳದಲ್ಲಿ ನಡೆದುಹೋದ ಅರ್ಚಕನಾಗಲಿ, ಮೇಯುತ್ತಿದ್ದ ದನವಾಗಲಿ ಚಿತ್ರದಲ್ಲಿ ಮಬ್ಬಾದ ಹೊಗೆಯಾಗಿ ಉಳಿಯುವುದು, ಇಲ್ಲವೆ ಉಳಿಯದೇ ಹೋಗುವುದು. ಈ ಸೀಮೆಯ ಮೊದಲ ಛಾಯಾಚಿತ್ರಗಳಲ್ಲಿ ಜನರು ವಿರಳವಾಗಿರುವುದಕ್ಕೆ ಊರು ಪಾಳುಬಿದ್ದಿತ್ತೆಂಬುದಷ್ಟೇ ಕಾರಣವಲ್ಲ. ನಡೆಯುವವನನ್ನು ಕಾಣುವ ಶಕ್ತಿ ಆ ಫಲಕಕ್ಕೇ ಇರಲಿಲ್ಲ.

ಆ ಫಲಕಕ್ಕೆ ಸಿಕ್ಕದ ಕ್ಷಣವನ್ನು ಅದರ ಎದುರಿಗಿದ್ದ ಕಲ್ಲು ಏಳುನೂರು ವರ್ಷ ಮುಂಚೆಯೇ ಹಿಡಿದಿಟ್ಟಿತ್ತೆಂಬುದನ್ನು ಇಲ್ಲಿ ಹೇಳದೆ ಮುಂದೆ ಸಾಗಲು ನನಗೆ ಮನಸ್ಸು ಬಾರದು. ಬೇಲೂರಿನ ಮದನಿಕೆಯರು ನಿಂತ ಭಂಗಿಗಳು ವಿಶ್ರಾಂತಿಯವಲ್ಲ. ಹೆಜ್ಜೆ ಎತ್ತಿ ಇನ್ನೂ ಇಡದ, ಕನ್ನಡಿಯತ್ತ ತಿರುಗಿ ಇನ್ನೂ ತೃಪ್ತಳಾಗದ ನಡುಗಾಲದವು. ಹೊಯ್ಸಳ ಲಾಂಛನದಲ್ಲಿ ಸಳನು ಹುಲಿಯನ್ನು ಎಂದೆಂದಿಗೂ ಇರಿಯುತ್ತಲೇ ಇರುವನು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹನ ಗುಡಿಯ ಭಿತ್ತಿಗಳಲ್ಲಿ ಬೈಚೋಜನೂ ಮಲ್ಲಿತಮ್ಮನೂ ತಮ್ಮ ಹೆಸರನ್ನು ಕೆತ್ತಿ ಬಿಟ್ಟುಹೋದ ವಿಗ್ರಹಗಳನ್ನು ಸಾವಕಾಶವಾಗಿ ನೋಡಿದವರಿಗೆ, ಚಲನೆಯ ಯಾವ ಬಿಂದುವಿನಲ್ಲಿ ಅದನ್ನು ನಿಲ್ಲಿಸಿದರೆ ಹಿಂದುಮುಂದಿನ ಚಲನೆಯೆಲ್ಲವೂ ಅದರಲ್ಲೇ ತೋರುವುದೆಂಬ ವಿವೇಕ ಈ ನಾಡಿಗೆ ಹೊಸದಲ್ಲವೆಂಬುದು ಮನವರಿಕೆಯಾಗುತ್ತದೆ. ಶಿಲ್ಪಿಗೆ ತಿಂಗಳುಗಳ ಅವಕಾಶವಿತ್ತು. ಛಾಯಾಗ್ರಾಹಕನಿಗೆ ಆ ವಿವೇಕವನ್ನೇ ಸೆಕೆಂಡಿನ ಭಾಗವೊಂದರಲ್ಲಿ ತೋರಬೇಕಾದ ಕಾಲ ಇನ್ನೂ ಬರಬೇಕಾಗಿತ್ತು.

ಅದು ಬಂದದ್ದು ಒಣ ಫಲಕದಿಂದ. 1871ರಲ್ಲಿ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಜೆಲಟಿನ್ ಲೇಪದ ಒಣ ಗಾಜನ್ನು ಸೂಚಿಸಿದನು. ಆ ದಶಕ ಮುಗಿಯುವುದರೊಳಗೆ ಅದರ ಸೂಕ್ಷ್ಮತೆ ಎಷ್ಟು ಹೆಚ್ಚಿತೆಂದರೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದ ಬೆಳಕು ಅದಕ್ಕೆ ಸಾಕಾಯಿತು. ಅಷ್ಟು ಅಲ್ಪಕಾಲ ಮುಚ್ಚಳವನ್ನು ತೆಗೆದು ಮುಚ್ಚುವುದು ಮನುಷ್ಯನ ಕೈಗೆ ಅಸಾಧ್ಯವಾದುದರಿಂದ ಯಾಂತ್ರಿಕವಾದ ಕದ ಅವಶ್ಯಕವಾಯಿತು. ಕದ ಬಂದೊಡನೆ ಕದದ ವಿಳಂಬವೂ ಬಂತು. ಕ್ಷಣವು ಫಲಕಕ್ಕೆ ಎಟುಕಿದ ದಿನವೇ ಅದು ಕೈಯಿಂದ ಒಂದು ಅಂಗುಲ ದೂರ ಸರಿಯಿತು ಎನ್ನಬೇಕು.

ಈ ಒಣ ಫಲಕಗಳ ಕಾಲದಲ್ಲಿ ನಮ್ಮ ಸೀಮೆಯ ಚಿತ್ರಗಳಿಗೆ ದೊಡ್ಡ ಆಶ್ರಯವಾದದ್ದು ಮೈಸೂರು ಸರ್ಕಾರದ ಪುರಾತತ್ತ್ವ ಇಲಾಖೆ. ಆರ್. ನರಸಿಂಹಾಚಾರ್ಯರು 1906ರಿಂದ 1922ರ ವರೆಗೆ ಅದರ ಮುಖ್ಯಸ್ಥರಾಗಿದ್ದಾಗ ಊರೂರು ತಿರುಗಿ ಗುಡಿ ಶಾಸನಗಳನ್ನು ಪರಿಶೋಧಿಸಿ ಬರೆದ ವಾರ್ಷಿಕ ವರದಿಗಳಲ್ಲಿ ಚಿತ್ರಫಲಕಗಳಿಗೆ ಗೌರವದ ಸ್ಥಾನವಿತ್ತು. ಬೇಲೂರಿನ ಕೇಶವಾಲಯದ ಮೇಲೂ ಹಾಸನದ ಬಳಿಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯ ಮೇಲೂ ಅವರು 1919ರಲ್ಲಿ ಪ್ರಕಟಿಸಿದ ಪುಸ್ತಕಗಳನ್ನು ಇಂದಿಗೂ ವಿದ್ವಾಂಸರು ಆ ಫಲಕಗಳಿಗಾಗಿಯೇ ಬಿಡಿಸಿ ನೋಡುವುದುಂಟು. ಅಲ್ಲಿಯೂ ವಸ್ತು ಕಲ್ಲೇ ಆದುದರಿಂದ ತ್ವರೆಯ ಪ್ರಶ್ನೆ ಏಳಲಿಲ್ಲ. ಸೂರ್ಯನು ಭಿತ್ತಿಯ ಓರೆಗೆ ಬರುವ ತನಕ ಕಾಯುವುದು, ಅದೊಂದೇ ಕಾಲಜ್ಞಾನ.

ಪಟ್ಟಣಗಳಲ್ಲಿ ಸ್ಟುಡಿಯೋಗಳು ತೆರೆದಾಗ ಮನುಷ್ಯನನ್ನೇ ಸ್ವಲ್ಪ ಹೊತ್ತು ಕಲ್ಲಾಗಿಸುವುದು ಕಸುಬಿನ ಮೊದಲ ಪಾಠವಾಯಿತು. ವಿದ್ಯುತ್ತು ಬರುವ ಮುನ್ನ ಸ್ಟುಡಿಯೋ ಎಂದರೆ ಮೇಲಿಂದಲೋ ಪಕ್ಕದಿಂದಲೋ ಹಗಲುಬೆಳಕು ಇಳಿಯುವ ಕೋಣೆ, ಹಿಂದೆ ಬಣ್ಣ ಬಳಿದ ಪರದೆ, ಒಂದು ಕುರ್ಚಿ, ಒಂದು ಹೂದಾನಿ. "ಅಲುಗಬೇಡಿ, ಉಸಿರು ಹಿಡೀರಿ" ಎಂದು ಹೇಳಿ, ಫೋಟೋಗ್ರಾಫರನು ಕರಿಯ ಬಟ್ಟೆಯಿಂದ ತಲೆ ಹೊರತೆಗೆದು, ರಬ್ಬರಿನ ಉಂಡೆಯನ್ನು ಅಮುಕುವನು; ಉಂಡೆಯ ಗಾಳಿ ಉದ್ದನೆಯ ನಾಳದಲ್ಲಿ ಸಾಗಿ ಕದವನ್ನು ತಳ್ಳುವಷ್ಟರಲ್ಲಿ ಕೂಸು ತಲೆ ತಿರುಗಿಸಿರುವುದು. ಮಕ್ಕಳ ಚಿತ್ರ ತೆಗೆಯಬಲ್ಲವನೇ ನಿಜವಾದ ಫೋಟೋಗ್ರಾಫರನೆಂಬ ಮಾತು ಕಸುಬಿನಲ್ಲಿ ಹುಟ್ಟಿದ್ದು ಇದರಿಂದಲೇ. ಫೋಟೋ ತೆಗೆಸಿದರೆ ಆಯುಸ್ಸು ಕುಂದುವುದೆಂದು ನಂಬಿ ಬದುಕಿದ್ದಾಗ ಕ್ಯಾಮೆರಾದ ಎದುರು ಕೂರದ ಹಿರಿಯರನ್ನು, ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ, ಹೂವಿನ ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ತೆಗೆಸಿದ ಚಿತ್ರಗಳು ನಮ್ಮ ಹಳ್ಳಿಮನೆಗಳ ಗೋಡೆಗಳಲ್ಲಿ ಬಹುಕಾಲ ಇದ್ದವು. ಆ ಚಿತ್ರಗಳಲ್ಲಿ ಅಲುಗಿ ಮಸುಕಾದವರು ಬದುಕಿದ್ದವರೇ. ನಡುವೆ ಕುಳಿತ ಮುಖವೊಂದೇ ರೇಖೆರೇಖೆಯೂ ಸ್ಪಷ್ಟ. ದುಃಖದಿಂದ ಮೈ ನಡುಗುವುದನ್ನು ಫಲಕ ಹೀಗೆ ಬರೆದುಕೊಂಡಿತೆಂಬುದನ್ನು ನೆನೆದಾಗ, ಆ ಮಸುಕನ್ನು ದೋಷವೆನ್ನಲು ನಾಲಗೆ ಏಳದು.

ಯಂತ್ರದ ವಿಳಂಬಕ್ಕಿಂತ ಹಿರಿದಾದ ಇನ್ನೊಂದು ವಿಳಂಬ ಮನುಷ್ಯನ ಮೈಯಲ್ಲೇ ಇದೆ. ಇದನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟದ್ದು ಖಗೋಲಶಾಸ್ತ್ರ. ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಮ್ಯಾಸ್ಕೆಲಿನ್ ಎಂಬಾತನು, ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಹೊತ್ತನ್ನು ತನಗಿಂತ 0.8 ಸೆಕೆಂಡು ತಡವಾಗಿ ಗುರುತಿಸುತ್ತಾನೆಂಬ ಕಾರಣದಿಂದ ಕಿನ್ನೆಬ್ರೂಕ್ ಎಂಬ ಸಹಾಯಕನನ್ನು 1796ರಲ್ಲಿ ಕೆಲಸದಿಂದ ತೆಗೆದುಹಾಕಿದನು. ಎರಡು ದಶಕಗಳಿಗೂ ಮೀರಿ ಕಳೆದ ಮೇಲೆ ಜರ್ಮನಿಯ ಬೆಸೆಲ್ ಎಂಬ ವಿದ್ವಾಂಸನು ಈ ವೃತ್ತಾಂತವನ್ನು ಓದಿ ಪರೀಕ್ಷೆ ನಡೆಸಿ, ಅದು ಆ ಬಡಪಾಯಿಯೊಬ್ಬನ ಅಜಾಗರೂಕತೆಯಲ್ಲ, ಪ್ರತಿಯೊಬ್ಬ ವೀಕ್ಷಕನಿಗೂ ಅವನದೇ ಆದ ವಿಳಂಬವೊಂದುಂಟೆಂದು ಸ್ಥಾಪಿಸಿದನು. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಆರೋಗ್ಯವಂತನಾದ ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕೆಂಬುದು ಇಂದು ಎಲ್ಲರೂ ಒಪ್ಪಿದ ಲೆಕ್ಕ. ವಿಷ್ಣುಪುರಾಣದ ಕಾಲಮಾನದಲ್ಲಿ ಹದಿನೈದು ನಿಮೇಷಕ್ಕೆ ಒಂದು ಕಾಷ್ಠೆ, ಮೂವತ್ತು ಕಾಷ್ಠೆಗೆ ಒಂದು ಕಲೆ, ಮೂವತ್ತು ಕಲೆಗೆ ಒಂದು ಮುಹೂರ್ತ, ಮೂವತ್ತು ಮುಹೂರ್ತಕ್ಕೆ ಒಂದು ಅಹೋರಾತ್ರ. ಹೀಗೆ ಭಾಗಿಸುತ್ತ ಹೋದರೆ ಒಂದು ನಿಮೇಷಕ್ಕೆ ಬರುವುದು ಸುಮಾರು 0.21 ಸೆಕೆಂಡು. ರೆಪ್ಪೆ ಮಿಟುಕಿಸುವುದನ್ನು ಅಳತೆಯಾಗಿ ಹಿಡಿದ ಪೂರ್ವಿಕರ ಲೆಕ್ಕವೂ ಕಣ್ಣಿಗೂ ಬೆರಳಿಗೂ ನಡುವಣ ಈ ಅಂತರವೂ ಇಷ್ಟು ಹತ್ತಿರ ಬಂದಿರುವುದು ಆಶ್ಚರ್ಯವನ್ನುಂಟುಮಾಡುವ ಸಂಗತಿ. ಅದು ಹೇಗೇ ಇರಲಿ, ಕಂಡ ಮೇಲೆ ಒತ್ತುವವನಿಗೆ ಒಂದು ನಿಮೇಷ ಮೈಯಲ್ಲಿಯೇ ಕಳೆಯುತ್ತದೆ. ಉಳಿದದ್ದು ಯಂತ್ರದಲ್ಲಿ ಕಳೆಯುತ್ತದೆ. ಆದುದರಿಂದ ಕಂಡ ಮೇಲೆ ಒತ್ತುವವನಿಗೆ ಕಂಡದ್ದು ಎಂದೂ ಸಿಕ್ಕದು.

ಹಾಗಾದರೆ ನಮ್ಮ ಮದುವೆಮನೆಯ ಫೋಟೋಗ್ರಾಫರನು ಮಾಂಗಲ್ಯಧಾರಣೆಯನ್ನು ಹಿಡಿದದ್ದು ಹೇಗೆ? ಲಗ್ನಪತ್ರಿಕೆಯಲ್ಲಿ ಅಚ್ಚಾದ ಮುಹೂರ್ತ ಒಂದು ಗಂಟೆಯಷ್ಟು ವಿಸ್ತಾರವಾದುದು. ಅದರೊಳಗೆ ವರನ ಕೈಗಳು ವಧುವಿನ ಕೊರಳ ಹಿಂದೆ ಹೋಗಿ ಮೊದಲ ಗಂಟು ಬೀಳುವ ಹೊತ್ತು ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿಯೂ ಅಕ್ಷತೆ ಗಾಳಿಯಲ್ಲಿದ್ದು, ಮಾಂಗಲ್ಯ ಕಾಣುತ್ತಿದ್ದು, ಇಬ್ಬರ ಮುಖವೂ ಮರೆಯಾಗದಿರುವ ಗಳಿಗೆ ಒಂದೋ ಎರಡೋ. ಇದಕ್ಕೆ ನೆರವಾದದ್ದು ಕಣ್ಣಲ್ಲ, ಕಿವಿ. ಪುರೋಹಿತರು ಕೈಯೆತ್ತಿ ಗಟ್ಟಿಮೇಳ, ಗಟ್ಟಿಮೇಳ ಎನ್ನುವರು. ಡೋಲು ಒಮ್ಮೆಗೇ ದ್ರುತಕ್ಕೆ ಏರುವುದು. ನಾಗಸ್ವರ ಮೇಲಿನ ಸ್ಥಾಯಿಗೆ ಹಾರುವುದು. ಅದನ್ನು ಕೇಳಿ ಹಿಂದಿನ ಸಾಲಿನವರು ಮುಷ್ಟಿ ಬಿಗಿದು ಎದ್ದು ನಿಲ್ಲುವರು. ಆಮೇಲೆ ಅಕ್ಷತೆ ಹಾರುವುದು. ಕ್ರಿಯೆಗಿಂತ ನಾದ ಮುಂದಿದೆ. ಈ ಕ್ರಮವನ್ನು ಬಾಲ್ಯದಿಂದಲೂ ಊರೂರ ಮದುವೆಗಳಲ್ಲಿ ಕೇಳಿ ಬೆಳೆದವನಿಗೆ ಡೋಲಿನ ಯಾವ ಪೆಟ್ಟಿಗೆ ಬೆರಳು ಇಳಿದರೆ ಗಂಟು ಬೀಳುವ ಹೊತ್ತಿಗೆ ಕದ ತೆರೆಯುವುದೆಂಬುದು ಲೆಕ್ಕವಿಲ್ಲದೆ ತಿಳಿದಿತ್ತು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣ ಸಂಗೀತಗಾರರ ಊರು, ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿ. ತಾಳದ ಮೊದಲ ಪೆಟ್ಟು ಬೀಳುವುದಕ್ಕೆ ಮುಂಚೆಯೇ ಸಾಹಿತ್ಯವನ್ನು ಎತ್ತಿಕೊಂಡು, ಪೆಟ್ಟು ಬೀಳುವಲ್ಲಿ ಸರಿಯಾಗಿ ಅದರ ಮೇಲೆ ಬಂದು ಕೂರುವ ಅತೀತ ಎಡುಪನ್ನು ಆ ಊರಿನ ಗಾಯಕರು ಹೇಗೆ ಸಾಧಿಸಿದರೋ, ಅದೇ ಬಗೆಯ ಸಾಧನೆ ಈ ಫೋಟೋಗ್ರಾಫರನದೂ ಎಂದು ನಾನು ಭಾವಿಸುತ್ತೇನೆ. ಅಲ್ಲಿ ಸ್ವರ, ಇಲ್ಲಿ ಕದ. ಎರಡೆಡೆಯಲ್ಲೂ ಕಾಲಕ್ಕಿಂತ ಮುಂದೆ ಹೊರಡದಿದ್ದರೆ ಕಾಲಕ್ಕೆ ಸರಿಯಾಗಿ ತಲುಪುವಂತಿಲ್ಲ.

ಕ್ಷಣ ತಪ್ಪಿಹೋದಾಗ ಅವನು ಕೆಲವೊಮ್ಮೆ ಮುಹೂರ್ತವನ್ನೇ ತಡೆದು ನಿಲ್ಲಿಸಿದ್ದೂ ಉಂಟು. "ಸ್ವಾಮೀ, ಒಂಚೂರು ತಡೀರಿ, ಅಣ್ಣಾ, ಕೈ ಹಂಗೇ ಇರ್ಲಿ, ಈ ಕಡೆ ನೋಡಿ" ಎಂದು ಗಂಟು ಹಾಕುತ್ತಿದ್ದ ವರನನ್ನು ತನ್ನತ್ತ ತಿರುಗಿಸಿದ ಚಿತ್ರಗಳು ಪ್ರತಿ ಮನೆಯ ಆಲ್ಬಮ್ಮಿನಲ್ಲೂ ಇವೆ. ಹಿರಿಯರು ಇದನ್ನು ಅಪಚಾರವೆಂದು ಗೊಣಗಿದರು. ಅವರ ಆಕ್ಷೇಪಣೆಯಲ್ಲಿ ಸತ್ಯವಿತ್ತು. ಆದರೆ ಆಗ ಬಳಕೆಯಲ್ಲಿದ್ದ, ನೂರಿಪ್ಪತ್ತು ಎಂಬ ಅಳತೆಯ ಫಿಲಂ ರೋಲಿನಲ್ಲಿ ಬರುತ್ತಿದ್ದದ್ದು ಹನ್ನೆರಡೇ ಚಿತ್ರ. ವರಪೂಜೆಯಿಂದ ಹೆಣ್ಣೊಪ್ಪಿಸುವ ತನಕ ಅದರಲ್ಲೇ ಮುಗಿಸಬೇಕು. ಬಂದಿತೋ ಇಲ್ಲವೋ ಎಂಬುದು ರೋಲು ತೊಳೆದ ಮೇಲೆ, ಹುಡುಗಿ ಗಂಡನ ಮನೆ ಸೇರಿದ ಮೇಲೆ, ತಿಳಿಯುವುದು. ಮಾಂಗಲ್ಯದ ಚಿತ್ರ ಬರಲಿಲ್ಲವೆಂದು ಹೆಣ್ಣಿನ ತಂದೆಗೆ ಹೇಳಬೇಕಾದ ಸಂಕಟವನ್ನು ಬಲ್ಲವನು ಆ ತಡೆಯನ್ನು ಅಷ್ಟು ಕಠಿಣವಾಗಿ ನಿಂದಿಸಲಾರನು.

ಯಂತ್ರಗಳ ಭೇದವನ್ನು ಇಲ್ಲಿ ಕೊಂಚ ವಿಸ್ತರಿಸಬೇಕು. ಏಕೆಂದರೆ ಒಂದೊಂದು ಯಂತ್ರವೂ ಒಂದೊಂದು ಬಗೆಯ ತಾಳ್ಮೆಯನ್ನು ಕಲಿಸಿತು. 1929ರಲ್ಲಿ ಬಂದ ರೋಲಿಫ್ಲೆಕ್ಸೂ, ಆ ಮಾದರಿಯಲ್ಲಿ ಅನಂತರ ಬಂದು ನಮ್ಮ ಊರುಗಳಲ್ಲಿ ಬಳಕೆಯಾದ ಯಾಷಿಕಾವೂ ಎರಡು ಮಸೂರಗಳ ಪೆಟ್ಟಿಗೆಗಳು: ಮೇಲಿನದರಲ್ಲಿ ನೋಟ, ಕೆಳಗಿನದರಲ್ಲಿ ಗ್ರಹಣ. ಅದನ್ನು ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಾಗಿ ನೋಡಬೇಕು. ಬಿಂಬವೋ ಎಡಬಲ ತಿರುಗಿದ್ದು. ಬಲಕ್ಕೆ ಸಾಗುವ ತೇರು ಗಾಜಿನಲ್ಲಿ ಎಡಕ್ಕೆ ಸಾಗುವುದು. ಆದರೂ ಅದರ ಕದದ ವಿಳಂಬ ಅತ್ಯಲ್ಪ, ಮತ್ತು ಒತ್ತುವಾಗಲೂ ನೋಟ ಕತ್ತಲಾಗದು. ಕಪ್ಪು ಬಿಳುಪಿನ ಕಾಲದಲ್ಲಿ ಫ್ಲ್ಯಾಷಿಗೆ ಬಲ್ಬು ಬಳಸುತ್ತಿದ್ದರಷ್ಟೆ. ಒಂದು ಬಲ್ಬು ಒಂದೇ ಚಿತ್ರಕ್ಕೆ ಉರಿದು ಹೋಗುವಂಥದು. ಆ ಬಲ್ಬು ಪೂರ್ಣವಾಗಿ ಪ್ರಜ್ವಲಿಸಲು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಾಲ ಬೇಕಾದುದರಿಂದ, ಬಲ್ಬಿಗೆ ಮೊದಲು ಕಿಡಿ ಕೊಟ್ಟು ಕದವನ್ನು ಅಷ್ಟು ಹೊತ್ತು ಬೇಕೆಂದೇ ತಡೆದು ತೆರೆಯುವ ಏರ್ಪಾಡನ್ನು ಯಂತ್ರಶಿಲ್ಪಿಗಳು ಕಲ್ಪಿಸಿದರು. ಆ ಸನ್ನೆಯ ಗುರುತು ಎಂ. ಎಲೆಕ್ಟ್ರಾನಿಕ್ ಫ್ಲ್ಯಾಷ್ ಬಂದಾಗ ಅದಕ್ಕೆ ಈ ತಡೆ ಬೇಡ; ಅದರ ಗುರುತು ಎಕ್ಸ್. ಸನ್ನೆಯನ್ನು ಎಂ ಮೇಲೆಯೇ ಮರೆತು ಹೊಸ ಫ್ಲ್ಯಾಷ್ ಹೊಡೆದರೆ ಕದ ತೆರೆಯುವ ಮುನ್ನವೇ ಮಿಂಚು ಮಿಂಚಿ ಆರಿಹೋಗುವುದು. ರಾತ್ರಿಯ ಆರತಕ್ಷತೆಯಿಡೀ ಕತ್ತಲಾಗಿ ಬರುವುದು. ಬೆರಳಗಲದ ಆ ಸನ್ನೆಯಲ್ಲಿ ಒಂದು ಕುಟುಂಬದ ನೆನಪು ನಿಂತಿತ್ತು.

ಮೂವತ್ತೈದು ಮಿಲಿಮೀಟರಿನ ರೀಲು, ಅದರ ಮೂವತ್ತಾರು ಚಿತ್ರಗಳು, ಪೆಂಟಾಕ್ಸ್ ಕೆ ಸಾವಿರದಂಥ ಒಂಟಿ ಮಸೂರದ ಕ್ಯಾಮೆರಾ ಇವು ಪ್ರಚಾರಕ್ಕೆ ಬಂದಾಗ ಮಿತವ್ಯಯದ ಸಂಕಟ ಕಡಿಮೆಯಾಯಿತು, ವಿಳಂಬ ಹೆಚ್ಚಿತು. ಈ ಕ್ಯಾಮೆರಾದಲ್ಲಿ ಮಸೂರದ ಹಿಂದೆಯೇ ಓರೆಯಾಗಿ ಕನ್ನಡಿಯಿದ್ದು ಬಿಂಬವನ್ನು ಕಣ್ಣಿಗೆ ತೋರುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆದ್ದು ದಾರಿ ಬಿಡಬೇಕು. ಇದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಇಪ್ಪತ್ತನೆಯ ಒಂದರಿಂದ ಹತ್ತನೆಯ ಒಂದು ಭಾಗದ ವರೆಗೆ. ಕನ್ನಡಿ ಮೇಲಿರುವಷ್ಟು ಹೊತ್ತು ಕಣ್ಣಿಗೆ ಕತ್ತಲೆ. ಎಂದರೆ ಚಿತ್ರದಲ್ಲಿ ಮೂಡುವ ಗಳಿಗೆಯನ್ನು ತೆಗೆಯುವವನು ನೋಡುವಂತೆಯೇ ಇಲ್ಲ. ಅವನು ನೋಡಿದ್ದು ಚಿತ್ರದಲ್ಲಿ ಇಲ್ಲ. ಈ ಕಸುಬಿನ ಅನುಭವಿಗಳು ಫ್ಲ್ಯಾಷಿನ ಬೆಳಕು ಕಿಂಡಿಯಲ್ಲಿ ಕಂಡಿತೋ ಇಲ್ಲವೋ ಎಂಬುದರಿಂದಲೇ ಚಿತ್ರದ ಗತಿಯನ್ನು ಊಹಿಸುತ್ತಿದ್ದರು: ಕಾಣದಿದ್ದರೆ ಒಳ್ಳೆಯದು, ಬೆಳಕು ಕದ ತೆರೆದಿರುವಾಗಲೇ ಬಿದ್ದಿದೆ. 1952ರಲ್ಲಿ ಫ್ರಾನ್ಸಿನ ಕಾರ್ತಿಯೇ ಬ್ರೆಸೋಂ ತನ್ನ ಪುಸ್ತಕದಲ್ಲಿ ನಿರ್ಣಾಯಕ ಕ್ಷಣದ ತತ್ತ್ವವನ್ನು ಪ್ರತಿಪಾದಿಸಿದಾಗ ಅವನ ಕೈಯಲ್ಲಿದ್ದದ್ದು ಕನ್ನಡಿಯಿಲ್ಲದ ಲೈಕಾ. ಅದರ ವಿಳಂಬ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆ ತತ್ತ್ವಕ್ಕೆ ಆ ಯಂತ್ರದ ಆಸರೆ ಎಷ್ಟಿತ್ತೆಂಬುದನ್ನು ಅವನ ಅಭಿಮಾನಿಗಳು ಸಾಕಷ್ಟು ಗಮನಿಸಲಿಲ್ಲವೆಂದು ನನಗೆ ಅನಿಸುತ್ತದೆ. ಕನ್ನಡಿಯ ಕ್ಯಾಮೆರಾ ಹಿಡಿದ ನಮ್ಮ ತಾಲ್ಲೂಕು ಪಟ್ಟಣದವನು ಅದೇ ಕ್ಷಣವನ್ನು ಇನ್ನೂ ದೂರದಿಂದ ಎಟುಕಿಸಿಕೊಳ್ಳಬೇಕಾಗಿತ್ತು.

ತೇರಿನ ದಿನ ಇದೆಲ್ಲದರ ಪರೀಕ್ಷೆ. ಹೊಳೆನರಸೀಪುರದ ಲಕ್ಷ್ಮೀನರಸಿಂಹನ ತೇರಾಗಲಿ, ರಾಮನಾಥಪುರದಲ್ಲಿ ಷಷ್ಠಿಗೆ ಎಳೆಯುವ ಸುಬ್ರಹ್ಮಣ್ಯನ ತೇರಾಗಲಿ, ಚಲಿಸುವ ಮುನ್ನ ಬಹಳ ಹೊತ್ತು ನಿಂತಿರುತ್ತದೆ. ಚಲಿಸಿದ ಮೇಲೆ ಜನಸಾಗರದಲ್ಲಿ ಕಾಲೂರಲು ಎಡೆಯಿರದು. ಆದುದರಿಂದ ಬೇಕಾದದ್ದು ಆ ಮೊದಲ ಅಲುಗಾಟ: ಮಿಣಿ ಬಿಗಿದು ನೆಟ್ಟಗಾಗಿ, ಎಳೆಯುವವರ ಮೈಗಳು ಒಂದೇ ಕೋನಕ್ಕೆ ಬಾಗಿ, ಚಕ್ರದಡಿಯ ಮರದ ತುಂಡು ತೆಗೆದವನು ಪಕ್ಕಕ್ಕೆ ಸರಿದು, ದವನ ಸಿಕ್ಕಿಸಿದ ಬಾಳೆಹಣ್ಣುಗಳು ಕಳಶದತ್ತ ಹಾರುವ ಗಳಿಗೆ. ನಮ್ಮ ನಾಡಿನ ಎಷ್ಟೋ ತೇರುಗಳಲ್ಲಿ ಗರುಡ ಬಂದು ಮೇಲೆ ಸುತ್ತು ಹಾಕಿದ ಮೇಲೆಯೇ ಎಳೆಯುವ ವಾಡಿಕೆ. ಆಗ ಸಾವಿರಾರು ಮುಖಗಳು ಒಮ್ಮೆಗೇ ಆಕಾಶಕ್ಕೆ ಏಳುತ್ತವೆ. ಹೊರಗಿನಿಂದ ಬಂದವನು ತಾನೂ ಆಕಾಶವನ್ನು ನೋಡುವನು; ಊರಿನವನು ಆ ಮುಖಗಳನ್ನು ನೋಡುವನು, ಮುಖಗಳು ಕೆಳಗಿಳಿದೊಡನೆ ಮಿಣಿಯನ್ನು ನೋಡುವನು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಂತೆ ಛಾಯಾಗ್ರಾಹಕರನ್ನು ಸೆಳೆದ ಉತ್ಸವ ಕನ್ನಡ ನಾಡಿನಲ್ಲಿ ಬೇರೆ ಇದೆಯೆಂದು ನನಗೆ ತೋರುವುದಿಲ್ಲ. ಪಂಡಿತಾರ್ಯನೆಂಬವನು ಏಳು ಬಾರಿ ಈ ಅಭಿಷೇಕವನ್ನು ಮಾಡಿಸಿದನೆಂದು 1398ರ ಶಾಸನ ಹೇಳುತ್ತದೆ. ಇತ್ತೀಚಿನ ಶತಮಾನದಲ್ಲಿ 1910, 1925, 1940, 1953, 1967, 1981, 1993, 2006, 2018ರಲ್ಲಿ ಅದು ನಡೆಯಿತು. ಮೊದಲಿನ ಗಾಜಿನ ಫಲಕದಿಂದ ಕೊನೆಯ ಡಿಜಿಟಲ್ ಯಂತ್ರದ ತನಕ ಛಾಯಾಗ್ರಹಣದ ಎಲ್ಲ ಘಟ್ಟಗಳೂ ಆ ಒಂದು ಮೂರ್ತಿಯ ಎದುರು ಸಾಲಾಗಿ ಬಂದುಹೋದವು. ಜಲ, ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಶ್ರೀಗಂಧ, ಕೇಸರಿ, ಪುಷ್ಪವೃಷ್ಟಿ ಎಂಬ ಕ್ರಮ ತಿಳಿದವನಿಗೆ ಮುಂದೇನು ಬರುವುದೆಂಬುದು ತಿಳಿದಿರುವುದು. ಆದರೆ 58 ಅಡಿಯ ವಿಗ್ರಹದ ತಲೆಯ ಹಿಂದಿನ ಅಟ್ಟಣೆಯಲ್ಲಿ ಕೊಡ ಬಗ್ಗಿದ್ದು ಕೆಳಗೆ ನಿಂತವನಿಗೆ ಕಾಣದು. ಮೈಗೆ ತಾಗದೆ ಹೊರಕ್ಕೆ ಚಿಮ್ಮಿದ ಧಾರೆ ಮೊದಲ ಸೆಕೆಂಡಿನಲ್ಲಿ 16 ಅಡಿ ಇಳಿಯುತ್ತದೆ. ಆ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 32 ಅಡಿ. ಕನ್ನಡಿ ಮೇಲೇಳುವ ಸೆಕೆಂಡಿನ ಹತ್ತನೆಯ ಭಾಗದಲ್ಲಿ ಮೂರು ಅಡಿಗೂ ಮಿಕ್ಕು ಕೆಳಕ್ಕೆ ಜಾರಿರುತ್ತದೆ. ಹಾಲು ಹೆಗಲನ್ನು ದಾಟಿ ಎರಡು ಕವಲಾಗಿ ಒಡೆಯುವ ಚೆಲುವನ್ನು ಹಿಡಿಯಬೇಕಾದವನು ಅದಿನ್ನೂ ಹಣೆಯ ಮೇಲಿರುವಾಗಲೇ ಒತ್ತಬೇಕು. ಹಿಟ್ಟೂ ಅರಿಶಿನವೂ ಗಾಳಿಗೆ ಮೋಡವಾಗಿ ಏಳುವುವು, ನೀರಿನಂತೆ ಬೀಳುವುದಿಲ್ಲ. ಅವಕ್ಕೆ ಲೆಕ್ಕ ಬೇರೆ. ವಿಗ್ರಹಕ್ಕೆ ಸಾವಿರ ವರ್ಷ ತುಂಬಿದ 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂಮಳೆ ಸುರಿಸಿದರು. ಮೇಲಿಂದ ಹೂವು, ಕೆಳಗಿಂದ ರೆಕ್ಕೆಗಾಳಿಯ ಧೂಳು, ಎರಡರ ನಡುವೆ ಅರೆತೆರೆದ ಕಣ್ಣಿನ ಆ ನಿಶ್ಚಲ ಮುಖ. ಕಾಯೋತ್ಸರ್ಗದಲ್ಲಿ ನಿಂತು ಬಳ್ಳಿ ಹಬ್ಬುವಷ್ಟು ಕಾಲವನ್ನು ಮರೆತವನ ಮುಂದೆ ಸೆಕೆಂಡಿನ ಭಾಗಗಳಿಗಾಗಿ ತವಕಿಸುವ ಈ ಕಸುಬು, ನನ್ನ ಮಟ್ಟಿಗೆ, ಅತ್ಯಂತ ಗಂಭೀರವಾಗಿ ಕಾಣುವುದು ಅಲ್ಲಿಯೇ.

ಹಾಸನದಲ್ಲಿಯೇ ಇರುವ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆಯ ಅನಂತರದ ಗುರುವಾರ, ತೆರೆಯುತ್ತದೆ. ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ತೆರೆಯುವ ದಿನ ಬಾಗಿಲ ಮುಂದೆ ನೆಟ್ಟ ಬಾಳೆಕಂದನ್ನು ಅರಸು ಮನೆತನದವರು ಖಡ್ಗದಿಂದ ಕಡಿಯುವ ಪದ್ಧತಿ. ಪತ್ರಿಕೆಗಳ ಛಾಯಾಗ್ರಾಹಕರಿಗೆ ಇದಕ್ಕಿಂತ ಕಠಿಣವಾದ ಕ್ಷಣ ಈ ಜಿಲ್ಲೆಯಲ್ಲಿ ಇಲ್ಲ: ಏಟು ಒಂದು, ವರ್ಷಕ್ಕೊಮ್ಮೆ, ಪುನಃ ಹೊಡೆಯಿರೆಂದು ಕೇಳುವಂತಿಲ್ಲ. ಖಡ್ಗ ಇಳಿಯುವುದನ್ನು ಕಂಡು ಒತ್ತಿದವನಿಗೆ ಬಿದ್ದ ಕಂದು ಸಿಕ್ಕುವುದು. ಬಲ್ಲವನು ಖಡ್ಗವನ್ನು ನೋಡುವುದಿಲ್ಲ. ಹಿಡಿದವರ ಹೆಗಲನ್ನು ನೋಡುತ್ತಾನೆ, ಹೆಗಲು ತುತ್ತತುದಿಗೇರಿ ಉಸಿರು ನಿಂತಲ್ಲಿ ಒತ್ತುತ್ತಾನೆ.

ಡಿಜಿಟಲ್ ಕ್ಯಾಮೆರಾ ಈ ಊರುಗಳಿಗೆ ಬಂದ ಮೊದಲ ವರ್ಷಗಳು ಅನುಭವಿಗಳಿಗೆ ಕಷ್ಟದವಾಗಿದ್ದವು. ಆಗಿನ ಸಣ್ಣ ಯಂತ್ರಗಳು ದೂರವನ್ನು ತಾವೇ ಹುಡುಕಿಕೊಂಡು ತೆರೆಯಲು ಅರ್ಧ ಸೆಕೆಂಡು, ಮಂದ ಬೆಳಕಿನಲ್ಲಿ ಒಂದು ಸೆಕೆಂಡು ಹಿಡಿಯುತ್ತಿದ್ದವು. ಕಾಲ ದೀರ್ಘವಾದುದು ತೊಂದರೆಯ ಒಂದು ಭಾಗ ಮಾತ್ರ. ಹಿರಿದಾದ ತೊಂದರೆ ಅದರ ಅನಿಶ್ಚಯ. ಹತ್ತನೆಯ ಒಂದು ಭಾಗವಾಗಲಿ, ಐದನೆಯ ಒಂದು ಭಾಗವಾಗಲಿ, ಸ್ಥಿರವಾಗಿದ್ದ ಪಕ್ಷದಲ್ಲಿ ಮೈ ಅದನ್ನು ಕಲಿಯುತ್ತದೆ. ಒಮ್ಮೆ ಬೇಗ, ಒಮ್ಮೆ ತಡವಾಗಿ ತೆರೆಯುವ ಕದವನ್ನು ಯಾವ ಸಾಧನೆಯೂ ಒಲಿಸಿಕೊಳ್ಳಲಾರದು. ಗುಂಡಿಯನ್ನು ಅರ್ಧ ಒತ್ತಿ, ದೂರವನ್ನು ಮೊದಲೇ ಕಟ್ಟಿಹಾಕಿ, ಉಳಿದರ್ಧವನ್ನು ಗಟ್ಟಿಮೇಳಕ್ಕೆ ಮೀಸಲಿಡುವ ಉಪಾಯವನ್ನು ಅವರು ಬೇಗನೆ ಕಂಡುಕೊಂಡರು. 2007ರ ಹೊತ್ತಿಗೆ ನಿಕಾನ್ ಡಿ ಮೂರರಂಥ ವೃತ್ತಿನಿರತರ ಯಂತ್ರಗಳಲ್ಲಿ ವಿಳಂಬ 0.037 ಸೆಕೆಂಡಿಗೆ ಇಳಿಯಿತು. ಈಚಿನ ಕೆಲವು ಕ್ಯಾಮೆರಾಗಳಂತೂ ಗುಂಡಿಯನ್ನು ಪೂರ್ತಿ ಒತ್ತುವ ಮುನ್ನಿನ ಚಿತ್ರಗಳನ್ನೇ ನೆನಪಿನಲ್ಲಿ ಹಿಡಿದಿಟ್ಟು, ಒತ್ತಿದ ಮೇಲೆ ಹಿಂದಿನಿಂದ ತೆಗೆದುಕೊಡುತ್ತವೆ. ನಿಮೇಷದ ಸಾಲವನ್ನು ಯಂತ್ರವೇ ತೀರಿಸುವ ಸ್ಥಿತಿ ಬಂದಿದೆ. ಇದನ್ನು ನಾನು ಕುಂದೆಂದು ಭಾವಿಸುವುದಿಲ್ಲ. ಹೆಗಲನ್ನು ನೋಡಬೇಕೆಂದು ತಿಳಿಯದವನು ಕ್ಯಾಮೆರಾವನ್ನು ಎತ್ತ ತಿರುಗಿಸಬೇಕೆಂಬುದನ್ನೂ ಅರಿಯನು.

ನನ್ನ ಕಳವಳ ಬೇರೆಯದು. ಫಿಲಂ ಯುಗದ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುತ್ತಿವೆ. ಗಾಜಿನ ಫಲಕಗಳನ್ನು ಎಷ್ಟೋ ಕಡೆ ಲೇಪ ತೊಳೆದು ದೇವರ ಪಟಗಳಿಗೆ ಗಾಜಾಗಿ ಹಾಕಿದ್ದಾಯಿತು. ನೆಗೆಟಿವ್ ಪಟ್ಟಿಗಳು ಗೆದ್ದಲಿಗೂ ತೇವಕ್ಕೂ ಸಿಕ್ಕಿ ಒಂದಕ್ಕೊಂದು ಅಂಟಿವೆ. ಮನೆಯವರ ಆಲ್ಬಮ್ಮಿನಲ್ಲಿರುವುದು ಆರಿಸಿದ ಚಿತ್ರ. ಪಟ್ಟಿಯಲ್ಲಾದರೋ ಅದರ ಹಿಂದಿನದೂ ಮುಂದಿನದೂ ಇದೆ. ಅಕ್ಷತೆ ಇನ್ನೂ ಮುಷ್ಟಿಯಲ್ಲಿರುವಾಗ ಅವಸರಪಟ್ಟು ಒತ್ತಿದ್ದು, ತಲೆಗಳ ಮೇಲೆ ಬಿದ್ದುಹೋದ ಮೇಲೆ ತಡವಾಗಿ ಒತ್ತಿದ್ದು, ಇವೆರಡರ ನಡುವೆ ಸರಿಯಾಗಿ ಬಂದದ್ದು, ಎಲ್ಲವೂ ಕ್ರಮವಾಗಿ. ಒಬ್ಬ ಮನುಷ್ಯ ತನ್ನ ಯಂತ್ರದ ವಿಳಂಬವನ್ನು ವರ್ಷದಿಂದ ವರ್ಷಕ್ಕೆ ಕಲಿತುಕೊಂಡದ್ದನ್ನು ಓದಿಕೊಳ್ಳಲು ಬೇರೆ ದಾಖಲೆಯಿಲ್ಲ. ಮದುವೆಯ ವಿಧಿಗಳು ಯಾವ ಊರಿನಲ್ಲಿ ಯಾವ ಕಾಲಕ್ಕೆ ಯಾವ ಅನುಕ್ರಮದಲ್ಲಿ ನಡೆಯುತ್ತಿದ್ದವೆಂಬುದಕ್ಕೂ ಅವೇ ಸಾಕ್ಷಿ. ಹಾಸನದಲ್ಲಿ ಇವಕ್ಕೊಂದು ಸಂಗ್ರಹ ಬೇಕು. ಪಟ್ಟಿಗಳನ್ನು ತುಂಡರಿಸದೆ, ಲಕೋಟೆಯ ಮೇಲೆ ಬರೆದ ಊರು ತಾರೀಖುಗಳನ್ನು ಅಳಿಸದೆ, ಆ ಕ್ಯಾಮೆರಾಗಳನ್ನು ಹಿಡಿದಿದ್ದ ಕೈಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ, ಡೋಲಿನ ಎಷ್ಟನೆಯ ಪೆಟ್ಟಿಗೆ ಒತ್ತುತ್ತಿದ್ದಿರೆಂಬುದನ್ನೂ ಬರೆದಿಟ್ಟುಕೊಳ್ಳಬೇಕು.